ಪದಚರ್ಚೆ: ‘ಕವರ್ ವರ್ಷನ್’ಗೆ ‘ಮರುಗಾಯನ’ ಸಾಕೇ?

ಪ್ರಶ್ನೆ: ‘ಮೆಕಾರ್ಥರ್ ಪಾರ್ಕ್’ ಹಾಡಿನ ಬಗೆಗಿನ ಲೇಖನವೊಂದು ಕನ್ನಡಕ್ಕೆ ಬರುತ್ತಿದೆ. ಜಿಮ್ಮಿ ವೆಬ್ ರಚನೆ. 1968ರಲ್ಲಿ ಬಂದ, 7 ನಿಮಿಷ 21 ಸೆಕೆಂಡಿನ ಮೊದಲ ಧ್ವನಿಮುದ್ರಿಕೆಯಲ್ಲಿ ಹಾಡಿದ್ದು ನಟ ರಿಚರ್ಡ್ ಹ್ಯಾರಿಸ್. ಕರಡಿನಲ್ಲಿ ‘ಆರ್ಕೆಸ್ಟ್ರಲ್ ಪಾಪ್’ಗೆ ‘ಆರ್ಕೆಸ್ಟ್ರಾ ಹಾಡು’, ‘ಅರೇಂಜ್‌ಮೆಂಟ್’ಗೆ ‘ಸಂಗೀತ ಸಂಯೋಜನೆ’, ‘ಕವರ್’ಗೆ (ಒಬ್ಬರ ಹಾಡನ್ನು ಬೇರೊಬ್ಬರು ಮತ್ತೆ ಹಾಡಿ ಅಥವಾ ನುಡಿಸಿ ಮುದ್ರಿಸಿದ್ದು) ‘ಮರುಗಾಯನ’ ಎಂದಿದೆ. ಸರಿಯೇ? ಬಲ್ಲವರು ತಿಳಿಸಿ.

ಉತ್ತರ 1: ‘ಆರ್ಕೆಸ್ಟ್ರಾ ಹಾಡು’ ಬೇಡ. ನಮ್ಮ ಕಡೆ ಆರ್ಕೆಸ್ಟ್ರಾ ಅಂದರೆ ಗಣೇಶನ ಪೆಂಡಾಲಿನ ರಸಮಂಜರಿ: ಕೀಬೋರ್ಡು, ರಿದಂ ಪ್ಯಾಡು, ಚಿತ್ರಗೀತೆ. ಹ್ಯಾರಿಸ್ ಹಿಂದೆ ಇರುವುದು ಪಿಟೀಲುಗಳ ಸಾಲು, ಹಿತ್ತಾಳೆಯ ಊದುವಾದ್ಯಗಳು, ವೆಬ್ ತಾವೇ ನುಡಿಸಿದ ಹಾರ್ಪ್ಸಿಕಾರ್ಡ್ ಎಂಬ ಪಿಯಾನೊದಂಥ ಹಳೆಯ ವಾದ್ಯ. ‘ವಾದ್ಯವೃಂದದ ಪಾಪ್ ಹಾಡು’ ಎನ್ನಿ. ಆಕಾಶವಾಣಿ ಕೇಳಿ ಬೆಳೆದವರಿಗೆ ವಾದ್ಯವೃಂದ ಹೊಸದೇನಲ್ಲ.

‘ಸಂಗೀತ ಸಂಯೋಜನೆ’ ಎಂದರೆ ಓದುಗರು ಟ್ಯೂನ್ ಹಾಕಿದ್ದು ಎಂದೇ ತಿಳಿಯುತ್ತಾರೆ. ಈ ಹಾಡಿಗೆ ವೆಬ್ ಪಡೆದ ಗ್ರ್ಯಾಮಿ (ಅಮೆರಿಕದ ಸಂಗೀತ ಪ್ರಶಸ್ತಿ) ಟ್ಯೂನಿಗಲ್ಲ; ಗಾಯಕನ ಜೊತೆಗೆ ಯಾವ ವಾದ್ಯ ಎಲ್ಲಿ ಏನು ನುಡಿಸಬೇಕೆಂದು ಗೊತ್ತುಮಾಡಿದ್ದಕ್ಕೆ. ಅದು ‘ವಾದ್ಯ ಸಂಯೋಜನೆ’. ಹಾಡಿನ ನಡುವೆ ಗಾಯನ ನಿಂತು ಲಯ ಏರಿ ವಾದ್ಯಗಳಷ್ಟೇ ಓಡುವ ಭಾಗವಿದೆಯಲ್ಲ, ಅದನ್ನು ವಿವರಿಸುವಾಗ ಈ ವ್ಯತ್ಯಾಸ ಇಲ್ಲದಿದ್ದರೆ ಲೇಖನ ಕೈಕೊಡುತ್ತದೆ.

‘ಮರುಗಾಯನ’ ಒಳ್ಳೆಯ ಪದ, ಆದರೆ ಎಲ್ಲ ಕಡೆಗೂ ಒಗ್ಗದು. 1969ರಲ್ಲಿ ವೇಲನ್ ಜೆನ್ನಿಂಗ್ಸ್ ಮತ್ತು ಕಿಂಬರ್ಲೀಸ್ ತಂಡ ಹಾಡಿದ ಕಂಟ್ರಿ (ಅಮೆರಿಕದ ಹಳ್ಳಿಗಾಡಿನ ಶೈಲಿ) ರೂಪ ಮರುಗಾಯನವೇ. ಇದೇ ಹಾಡನ್ನು ಮೇನಾರ್ಡ್ ಫರ್ಗ್ಯುಸನ್ ನುಡಿಸಿದ್ದು ಟ್ರಂಪೆಟ್‌ನಲ್ಲಿ; ಹಾಡುವವರೇ ಇಲ್ಲದ ಮೇಲೆ ಗಾಯನ ಎಲ್ಲಿಂದ ಬಂತು? ಅಲ್ಲಿ ‘ಮರುವಾದನ’. 1978ರಲ್ಲಿ ಡೊನಾ ಸಮ್ಮರ್ ಹಾಡಿದ ಡಿಸ್ಕೊ ರೂಪ, ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿದ್ದು, ಮರುಗಾಯನ ಹೌದು. ಆದರೆ ಸಿಂಗಲ್‌ನಲ್ಲಿ (ಬಿಡಿ ಹಾಡಾಗಿ ಹೊರತಂದ ಮುದ್ರಿಕೆಯಲ್ಲಿ) ನಿಧಾನಗತಿಯ ಎರಡನೆಯ ಭಾಗವನ್ನೇ ಕತ್ತರಿಸಿದ್ದಾರೆ. ಆಲ್ಬಮ್ಮಿನಲ್ಲಿರುವುದು ಬೇರೆ ಹಾಡುಗಳನ್ನೂ ಪೋಣಿಸಿದ, 18 ನಿಮಿಷಕ್ಕೆ ತುಸು ಕಡಿಮೆಯ ಹಾಡುಗೊಂಚಲು. ಯಾವುದರ ಮಾತು ಎಂದು ಪ್ರತಿಸಲವೂ ಹೇಳಲೇಬೇಕು.

2013ರಲ್ಲಿ ಸಮ್ಮರ್ ಅವರ ಅದೇ ಧ್ವನಿಯನ್ನು ಇಟ್ಟುಕೊಂಡು ಬಂದದ್ದು ರೀಮಿಕ್ಸ್. ಅದನ್ನು ಕವರ್ ಎನ್ನಬೇಡಿ. ಹೊಸದಾಗಿ ಹಾಡಿ ಮುದ್ರಿಸಿದರೆ ಬೇಕಾಗುವುದು ಹಾಡಿನ ಹಕ್ಕುದಾರರ ಪರವಾನಗಿ. ಹಳೆಯ ಮುದ್ರಿಕೆಯನ್ನೇ ಎತ್ತಿಕೊಂಡರೆ ಆ ಮುದ್ರಿಕೆಯ ಒಡೆಯರ ಒಪ್ಪಿಗೆಯೂ ಬೇಕು. ಅನುಮಾನ ಬಂದಾಗ ಹೀಗೆ ಒರೆಹಚ್ಚಿ ನೋಡಿ. ಮಾತು ಬದಲಿಸಿ ‘ವಿಯರ್ಡ್ ಅಲ್’ ಯಾಂಕೊವಿಕ್ 1993ರಲ್ಲಿ ಹಾಡಿದ್ದು ಅಣಕವಾಡು.

ಶೀರ್ಷಿಕೆಯಲ್ಲಿ ‘ಕವರ್’ ಎಂದೇ ಇಡಿ, ಯೂಟ್ಯೂಬ್ ನೋಡುವವರೆಲ್ಲ ಬಲ್ಲರು. ‘ನಕಲು’ ಎಂದರೆ ಕದ್ದ ಹಾಗೆ, ‘ರೀಮೇಕ್’ ಎಂದರೆ ಸಿನಿಮಾ. ‘ಮುಖಪುಟ ಹಾಡು’ ಅಂತೂ ದಯವಿಟ್ಟು ಬೇಡ.

ಉತ್ತರ 2: ಮೇಲಿನ ಮಾತಿಗೆ ಒಂದು ಸೇರ್ಪಡೆ. ನಮ್ಮ ಸುಗಮ ಸಂಗೀತದಲ್ಲಿ ಒಂದೇ ಕವಿತೆಗೆ ಇಬ್ಬರು ರಾಗ ಹಾಕುವುದುಂಟು. ನಾಡಗೀತೆಗೆ ಮೈಸೂರು ಅನಂತಸ್ವಾಮಿಯವರ ಧಾಟಿಯೂ ಇತ್ತು, ಸಿ. ಅಶ್ವಥ್ ಅವರದೂ ಇತ್ತು. 2022ರಲ್ಲಿ ಸರ್ಕಾರ ಮೊದಲನೆಯದನ್ನು ಆರಿಸಿತು. ಇವುಗಳಲ್ಲಿ ಒಂದು ಇನ್ನೊಂದರ ಮರುಗಾಯನವಲ್ಲ, ಧಾಟಿಯೇ ಬೇರೆ. ಹಾಗಾಗಿ ಮೊದಲ ಬಳಕೆಯಲ್ಲಿ ‘ಅದೇ ಧಾಟಿಯ ಮರುಗಾಯನ’ ಎಂದು ಬಿಡಿಸಿ ಬರೆಯಿರಿ.

ಇನ್ನೊಂದು: ಹ್ಯಾರಿಸ್ ಹಾಡುವಾಗ ‘ಮೆಕಾರ್ಥರ್ಸ್ ಪಾರ್ಕ್’ ಎನ್ನುತ್ತಾರೆ. ಹಾಡಿನ ಹೆಸರಿನಲ್ಲೂ ಲಾಸ್ ಏಂಜಲೀಸಿನ ಆ ಪಾರ್ಕಿನ ಹೆಸರಿನಲ್ಲೂ ಆ ‘ಸ್’ ಇಲ್ಲ. ಸಾಲನ್ನು ಉದ್ಧರಿಸುವಾಗ ಮಾತ್ರ ಉಳಿಸಿಕೊಳ್ಳಿ.