ಮೇಲ್ರೆಪ್ಪೆಯ ಹೊಲಿಗೆ ಗೆರೆ ಐದನೇ ವಾರಕ್ಕೆ ಗಟ್ಟಿಯಾಗಿದೆ, ಏನು ಹಚ್ಚಿದಿರಿ, ಎಷ್ಟು ದಿನ?

ಪ್ರಶ್ನೆ: ಮೇಲ್ರೆಪ್ಪೆಯ ಬ್ಲೆಫರೋಪ್ಲಾಸ್ಟಿ (ಜೋತ ರೆಪ್ಪೆಯ ಹೆಚ್ಚುವರಿ ಚರ್ಮ ತೆಗೆಯುವ ಸರ್ಜರಿ) ಆಗಿ ಐದು ವಾರ. ಹೊಲಿಗೆ ಬಿಚ್ಚಿದ್ದು ಒಂಬತ್ತನೇ ದಿನ. ಗೆರೆ ಇನ್ನೂ ಕೆಂಪು. ಮೂಗಿನ ಕಡೆಯ ತುದಿ ದಾರದ ಹಾಗೆ ಗಟ್ಟಿ. ಹೊಲಿಗೆ ಇದ್ದ ಜಾಗದಲ್ಲಿ ಸಾಸಿವೆಗಿಂತ ಚಿಕ್ಕ ಎರಡು ಬಿಳಿ ಕಾಳು. ಸಿಲಿಕೋನ್ ಜೆಲ್ ಹಚ್ಚಲೋ, ನೀವಿಕೊಳ್ಳಲೋ?

ನೀಲಿಹಕ್ಕಿ: ಜೆಲ್ಲೇ. ನಾನು ಆರಿಸಿಕೊಂಡದ್ದೂ ಅದನ್ನೇ, ಇವತ್ತಿಗೂ ಅದೇ ಮಾತು. ಹಕ್ಕಳೆ ಪೂರ್ತಿ ಉದುರಿ ಗೆರೆ ಮುಚ್ಚಿದ ಮೇಲೆ, ಅಂದರೆ ಸುಮಾರು 14ನೇ ದಿನದಿಂದ ಶುರು. ಎರಡೂ ಕಣ್ಣಿಗೆ ಸೇರಿ ಅರ್ಧ ಅಕ್ಕಿಕಾಳಿನಷ್ಟು ಸಾಕು. ಮುಖ ತೊಳೆದು ಒರೆಸಿ, ಉಂಗುರ ಬೆರಳಲ್ಲಿ ತೆಳ್ಳಗೆ ಎಳೆದು, ಒಣಗುವವರೆಗೆ ನಾಲ್ಕೈದು ನಿಮಿಷ ಕಣ್ಣು ಮುಚ್ಚಿರಬೇಕು. ಬೆಳಿಗ್ಗೆ, ರಾತ್ರಿ, ಮೂರು ತಿಂಗಳು. ಜಾಸ್ತಿ ಹಚ್ಚಿದರೆ ಒಣಗುವುದಿಲ್ಲ, ನಿದ್ದೆಯಲ್ಲಿ ಕಣ್ಣಿನೊಳಗೆ ಜಾರಿ ಉರಿ, ಮಂಜು. ಸಿಲಿಕೋನ್ ಹಾಳೆ ತರಬೇಡಿ, ಮಿಟುಕುವ ರೆಪ್ಪೆಯ ಮೇಲೆ ಅದು ನಿಲ್ಲುವುದಿಲ್ಲ. ಜೆಲ್ ಒಣಗಿದ ಮೇಲೆ ಜಿಂಕ್ ಆಕ್ಸೈಡ್ ಇರುವ ಸನ್‌ಸ್ಕ್ರೀನ್, ಎಸ್‌ಪಿಎಫ್ 30 ಅಥವಾ ಹೆಚ್ಚು. ಹೊರಗೆ ಹೋದರೆ ಕಪ್ಪು ಕನ್ನಡಕ. ಕೆಂಪು ಗೆರೆಗೆ ಬಿಸಿಲು ತಾಗಿದರೆ ಕಂದು ಗೆರೆಯಾಗಿ ಕೂರುತ್ತದೆ.

ವಿಟಮಿನ್ ಇ ಕ್ಯಾಪ್ಸೂಲ್ ಒಡೆದು ಹಚ್ಚಿ ಅನ್ನುವವರ ಮಾತು ಕೇಳಬೇಡಿ. 1999ರಲ್ಲಿ 15 ಜನರ ಮೇಲೆ ಪರೀಕ್ಷಿಸಿದಾಗ ಮೂರರಲ್ಲೊಂದು ಪಾಲು ಜನರ ಚರ್ಮ ಅಲರ್ಜಿಯಾಗಿ ಕೆರಳಿತು, ಕಲೆಗೆ ಲಾಭ ಕಾಣಲಿಲ್ಲ.

ಸೂಜಿದಾರ: ಜೆಲ್, ಜೆಲ್! ಒಂಬತ್ತನೇ ದಿನ ಹೊಲಿಗೆ ಬಿಚ್ಚಿದ್ದಾರೆ ಅನ್ನುವುದನ್ನು ಯಾರೂ ಓದಲಿಲ್ಲವೇ? ಹೊಲಿಗೆಯ ಸಣ್ಣ ದಾರ 6-0 ನೈಲಾನ್ ಆಗಲಿ ಪ್ರೋಲಿನ್ ಆಗಲಿ, ರೆಪ್ಪೆಯಲ್ಲಿ ಐದರಿಂದ ಏಳನೇ ದಿನದೊಳಗೆ ಹೊರಗೆ ಬರಬೇಕು. ದೇಹದಲ್ಲೇ ಅತಿ ತೆಳು ಚರ್ಮ ಅದು, ಬೇಗ ಕೂಡಿಕೊಳ್ಳುತ್ತದೆ. ತಡವಾದರೆ ಮೇಲ್ಚರ್ಮ ದಾರದ ಗುಂಟ ಒಳಗಿಳಿದು ಸುರಂಗ ಕಟ್ಟುತ್ತದೆ. ಆ ಬಿಳಿ ಕಾಳು ಅದರಿಂದಲೇ, ಹೆಸರು ಮಿಲಿಯಾ. ಯಾವ ಜೆಲ್ಲಿಗೂ ಕರಗುವುದಿಲ್ಲ. ಕೆಲವು ವಾರಗಳಲ್ಲಿ ತಾನಾಗಿ ಹೋಗದಿದ್ದರೆ ಡಾಕ್ಟರು ಸೂಜಿ ಮೊನೆಯಿಂದ ಬಾಯಿ ತೆರೆದು ಒತ್ತಿ ತೆಗೆಯುತ್ತಾರೆ, ಕ್ಷಣದ ಕೆಲಸ. ಮನೆಯಲ್ಲಿ ಪಿನ್ನು ಹಾಕಬೇಡಿ.

ಮೂಗಿನ ಕಡೆಯ ದಾರ ಬೇರೆ ವಿಷಯ. ಕಣ್ಣೀರಿನ ರಂಧ್ರವನ್ನೂ ದಾಟಿ ಮೂಗಿನತ್ತ ಕೊಯ್ತ ಹೋದರೆ ಅಲ್ಲಿ ಚರ್ಮ ಬಾತಿನ ಕಾಲ್ಬೆರಳ ನಡುವಿನ ಪೊರೆಯಂತೆ ಬಿಗಿದು ಎಳೆದುಕೊಳ್ಳುತ್ತದೆ. ಅದು ಕತ್ತಿಯ ತಪ್ಪು, ಮುಲಾಮಿನದ್ದಲ್ಲ.

ತಿಳಿನೀರು: ಎಲ್ಲದಕ್ಕೂ ಡಾಕ್ಟರನ್ನೇ ಬೈದರೆ ಕಲೆ ಮೆತ್ತಗಾಗುತ್ತದೆಯೇ? ನೀವುವುದರಿಂದ ಆಗುವಷ್ಟು ಯಾವುದರಿಂದಲೂ ಆಗುವುದಿಲ್ಲ. ಕೆಳರೆಪ್ಪೆಯನ್ನು ರೋಮದಂಚಿಗೆ ಕೊಯ್ದಿದ್ದರೆ ಎರಡು ವಾರ ಕಳೆದ ಮೇಲೆ, ದಿನಕ್ಕೆ ಮೂರು ಸಲ, ಐದೈದು ನಿಮಿಷ, ಯಾವಾಗಲೂ ಮೇಲಕ್ಕೆ ಮತ್ತು ಹೊರಮೂಲೆಯತ್ತ. ಕೆಳಕ್ಕೆ ಎಳೆದಿರೋ, ಕಪ್ಪುಗುಡ್ಡೆಯ ಕೆಳಗೆ ಬಿಳಿ ಕಾಣಿಸುವ ತೊಂದರೆಯನ್ನು ನೀವೇ ಹೆಚ್ಚಿಸಿದ ಹಾಗೆ. ಕಣ್ಣು ಪೂರ್ತಿ ಮುಚ್ಚದಷ್ಟು ಬಿಗಿ ಇದ್ದರೆ ರಾತ್ರಿ ಕಣ್ಣಿಗೆ ಲೂಬ್ರಿಕೆಂಟ್ ಮುಲಾಮು ಬೇಕೇ ಬೇಕು, ಇಲ್ಲವಾದರೆ ಕಾರ್ನಿಯಾ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪೊರೆ, ಒಣಗುತ್ತದೆ.

ಸೂಜಿದಾರ: ಅವರು ಕೇಳಿದ್ದು ಮೇಲ್ರೆಪ್ಪೆ ಮೇಡಂ. ನಿಮ್ಮದು ಕೆಳರೆಪ್ಪೆಯ ಪುರಾಣ.

ತಿಳಿನೀರು: ಮೇಲ್ರೆಪ್ಪೆಗೂ ಹೇಳುತ್ತೇನೆ, ತಾಳಿ. ಉಜ್ಜಬಾರದು. ಗೆರೆಯ ಮೇಲೆ ಬೆರಳಿಟ್ಟು ಹುಬ್ಬಿನ ಎಲುಬಿನತ್ತ ಹಗುರವಾಗಿ ಒತ್ತಿ ಹತ್ತು ಎಣಿಸಿ, ಮುಂದಕ್ಕೆ ಸರಿಯಿರಿ. ಕಣ್ಣುಗುಡ್ಡೆಯ ಮೇಲೆ ಭಾರ ಬೀಳಬಾರದು. ಪುರಾಣ ಅನ್ನುವ ಮಾತು ಬೇಡ ಸರ್, ಕಣ್ಣು ಪೂರ್ತಿ ಮುಚ್ಚಲಾಗದ ಕಷ್ಟ ಪುರಾಣವಲ್ಲ.

ಮುಂಜಾವು: ಇಬ್ಬರೂ ಮುಖ್ಯವಾದದ್ದನ್ನು ಬಿಟ್ಟಿರಿ. ನಾಲ್ಕರಿಂದ ಎಂಟನೇ ವಾರ ಗೆರೆ ಅತಿ ಕೆಟ್ಟದಾಗಿ ಕಾಣುವ ಕಾಲ. ಗಾಯ ಕೂಡಿಸುವ ನಾರು ಕೊಲಾಜೆನ್ ರಾಶಿ ಬೀಳುವುದು ಆಗಲೇ. ಮೂರು ತಿಂಗಳ ಹೊತ್ತಿಗೆ ಕೆಂಪು ಇಳಿಯುತ್ತದೆ, ಆರಕ್ಕೆ ಮೆತ್ತಗಾಗುತ್ತದೆ, ಕೊನೆಯ ರೂಪ ವರ್ಷಕ್ಕೆ. ಮರು ಸರ್ಜರಿಯ ಮಾತು ಆರು ತಿಂಗಳಿಗೆ ಮುಂಚೆ ಎತ್ತಲೇಬಾರದು. ಈ ಹೊತ್ತಿನಲ್ಲಿ ಗಾಬರಿಬಿದ್ದು ಟ್ರಯಾಮ್ಸಿನೊಲೋನ್ ಎಂಬ ಸ್ಟೆರಾಯ್ಡ್ ಚುಚ್ಚಿಸಿಕೊಳ್ಳುವುದೇ ದೊಡ್ಡ ಅನಾಹುತ: ಚರ್ಮ ಇನ್ನೂ ತೆಳುವಾಗಿ ಗುಳಿ ಬೀಳಬಹುದು, ಔಷಧಿಯ ಬಿಳಿ ಪುಡಿ ಒಳಗೇ ಕಾಣುತ್ತಾ ಉಳಿಯಬಹುದು, ಅಪರೂಪಕ್ಕೆ ರಕ್ತನಾಳ ಕಟ್ಟಿ ದೃಷ್ಟಿಗೇ ಕುತ್ತು. ಹಾಗೆಯೇ ಸ್ಟೆರಾಯ್ಡ್ ಬೆರೆತ ಕಣ್ಣಿನ ಮುಲಾಮನ್ನು ಕೇಳದೆ ವಾರಗಟ್ಟಲೆ ಮುಂದುವರಿಸಿದರೆ ಕಣ್ಣಿನ ಒತ್ತಡ ಏರಬಹುದು. ನಿಯೋಮೈಸಿನ್ ಎಂಬ ಆ್ಯಂಟಿಬಯಾಟಿಕ್ ಇರುವ ಮುಲಾಮಿಗೆ ಕೆಲವರ ಚರ್ಮ ಕೆರಳುತ್ತದೆ. ಕೆಂಪು, ತುರಿಕೆ ನೋಡಿ ಸೋಂಕು ಎಂದುಕೊಂಡು ಅದನ್ನೇ ಇನ್ನಷ್ಟು ಬಳಿಯುತ್ತಾರೆ.

ನೀಲಿಹಕ್ಕಿ: ಊತಕ್ಕೆ ಐಸ್ ಇಡಿ ಎಂದು ಯಾರೂ ಹೇಳಲಿಲ್ಲ.

ಮುಂಜಾವು: ಐದನೇ ವಾರಕ್ಕೆ ಐಸ್ ಯಾಕೆ? ಅದು ಮೊದಲ 48 ಗಂಟೆಗೆ, ಬಟ್ಟೆ ಸುತ್ತಿ, ಒಂದು ಸಲಕ್ಕೆ ಹತ್ತು ನಿಮಿಷ. ಸರ್ಜರಿಯಾದ ರೆಪ್ಪೆಗೆ ವಾರಗಟ್ಟಲೆ ಸ್ಪರ್ಶವೇ ಮಂದ, ಚಳಿಗೆ ಸುಟ್ಟರೂ ಗೊತ್ತಾಗದು. ಗೊತ್ತಿಲ್ಲದೆ ಹೇಳಬೇಡಿ.

ನೀಲಿಹಕ್ಕಿ: ನನಗೇನೂ ಗೊತ್ತಿಲ್ಲದೆ ಇಲ್ಲ. ಹೊಸದಾಗಿ ಮಾಡಿಸಿಕೊಂಡವರೂ ಇಲ್ಲಿ ಓದುತ್ತಾರೆ, ಅವರಿಗೆ ಹೇಳಿದ್ದು. ತಲೆಗೆ ಎರಡು ದಿಂಬು, ಎರಡು ವಾರ ಬಗ್ಗಿ ಭಾರ ಎತ್ತುವಂತಿಲ್ಲ, ಅದನ್ನೂ ಸೇರಿಸಿಕೊಳ್ಳಿ.

ಸೂಜಿದಾರ: ಹೊಸಬರಿಗೇ ಹೇಳುವುದಾದರೆ ಇದನ್ನು ಮೊದಲು ಹೇಳಿ: ಮೊದಲ ದಿನ ಒಂದೇ ಕಣ್ಣಿಗೆ ಜೋರು ನೋವು, ಗುಡ್ಡೆ ಮುಂದಕ್ಕೆ ಉಬ್ಬಿ ದೃಷ್ಟಿ ಮಸುಕಾದರೆ ಅದು ಊತವಲ್ಲ, ಗುಡ್ಡೆಯ ಹಿಂದೆ ರಕ್ತ ತುಂಬುತ್ತಿದೆ. ಬೆಳಗಾಗಲಿ ಎಂದು ಕೂರಬೇಡಿ, ಆ ಕ್ಷಣವೇ ಆಸ್ಪತ್ರೆಗೆ ಹೊರಡಿ.