ತೊಲೆಯನ್ನು ಕತ್ತರಿಸಿದರೆ ಉಕ್ಕಿನ ಚೌಕಟ್ಟು ಭೂಕಂಪವನ್ನು ತಡೆಯುವುದು ಹೇಗೆ?

ಪ್ರಶ್ನೆ
1994ರ ನಾರ್ತ್‌ರಿಜ್ ಭೂಕಂಪದ ನಂತರ ಅಮೆರಿಕದಲ್ಲಿ ಕಂಬದ ಸಮೀಪ ತೊಲೆಯ ಫ್ಲೇಂಜನ್ನು (I-ಆಕಾರದ ತೊಲೆಯ ಮೇಲಿನ ಮತ್ತು ಕೆಳಗಿನ ಅಡ್ಡಪಟ್ಟಿ) ಎರಡೂ ಅಂಚಿನಿಂದ ಕಮಾನಿನಾಕಾರದಲ್ಲಿ ಕತ್ತರಿಸುವ ಪದ್ಧತಿ ಬಳಕೆಗೆ ಬಂದಿತೆಂದು ಓದಿದೆ. ಅತಿ ಹೆಚ್ಚು ಒತ್ತಡ ಬೀಳುವ ಕಡೆಯೇ ಉಕ್ಕನ್ನು ತೆಗೆದರೆ ಚೌಕಟ್ಟು ದುರ್ಬಲವಾಗುವುದಿಲ್ಲವೇ? ಕೇಬಲ್ ಬಿಗಿದ ಹೊಸ ಜೋಡಣೆಗಳು ಇದಕ್ಕಿಂತ ಉತ್ತಮವೇ? ಪ್ರಬಂಧಕ್ಕಾಗಿ ಕೇಳುತ್ತಿದ್ದೇನೆ, ತಿಳಿದವರು ದಯವಿಟ್ಟು ವಿವರಿಸಿ.

ಉತ್ತರ 1
ತೊಲೆ ತುಸು ದುರ್ಬಲವಾಗುತ್ತದೆ, ಉದ್ದೇಶವೂ ಅದೇ. ನಾರ್ತ್‌ರಿಜ್‌ನಲ್ಲಿ ಇಂತಹ ಉಕ್ಕಿನ ಕಟ್ಟಡಗಳು ಕುಸಿಯಲಿಲ್ಲ, ಆದರೆ ಗೋಡೆಯ ಹೊದಿಕೆ ಬಿಚ್ಚಿ ನೋಡಿದಾಗ ತೊಲೆಯ ಕೆಳ ಫ್ಲೇಂಜನ್ನು ಕಂಬಕ್ಕೆ ಸೇರಿಸಿದ ಬೆಸುಗೆಗಳು ಸೀಳಿದ್ದವು, ಕೆಲವೆಡೆ ಬಿರುಕು ಕಂಬದೊಳಕ್ಕೂ ಹೋಗಿತ್ತು. ಆಗ ಬಳಸುತ್ತಿದ್ದ ಬೆಸುಗೆ ಲೋಹಕ್ಕೆ ಬಿರುಕು ಹಬ್ಬದಂತೆ ತಡೆಯುವ ಶಕ್ತಿಯಿರಲಿಲ್ಲ; ಬೆಸುಗೆಯ ಅಡಿಗೆ ಇಟ್ಟ ಉಕ್ಕಿನ ಪಟ್ಟಿಯನ್ನು ತೆಗೆಯದೆ ಬಿಟ್ಟದ್ದರಿಂದ ಪಟ್ಟಿ ಮತ್ತು ಕಂಬದ ನಡುವಿನ ಸಂದೇ ಬಿರುಕಿಗೆ ಮೊದಲಾಯಿತು. ಫ್ಲೇಂಜಿನ ಅಗಲವನ್ನು ಗರಿಷ್ಠ ಅರ್ಧದಷ್ಟು ಕಡಿಮೆ ಮಾಡಿದಾಗ ಉಕ್ಕು ಮಣಿಯುವುದು (ಮುರಿಯದೆ ಶಾಶ್ವತವಾಗಿ ಬಾಗುವುದು) ಬೆಸುಗೆಯಿಂದ ದೂರ, ತೊಲೆಯ ಒಡಲಿನಲ್ಲಿ. ಇಂತಹ ಜೋಡಣೆ 0.04 ರೇಡಿಯನ್‌ನಷ್ಟು ಅಂತಸ್ತಿನ ಓರೆಯನ್ನು (ಅಂತಸ್ತಿನ ಎತ್ತರದ ಸುಮಾರು ಶೇ 4ರಷ್ಟು ಪಕ್ಕಕ್ಕೆ ಸರಿಯುವುದನ್ನು) ತಾಳಬೇಕೆಂದು ಅಮೆರಿಕದ ಸಂಹಿತೆ ಬಯಸುತ್ತದೆ.

ಉತ್ತರ 2
ಮೇಲಿನ ಮಾತು ಸರಿ, ಆದರೆ ಮಣಿದ ತೊಲೆ ಮಣಿದೇ ಉಳಿಯುತ್ತದೆ. ಜನ ಬದುಕುಳಿದರೂ ಕಟ್ಟಡ ವಾಲಿ ನಿಂತರೆ ದುರಸ್ತಿಗಿಂತ ಕೆಡವುವುದೇ ಅಗ್ಗವಾಗಬಹುದು. ಕೇಬಲ್ ಬಿಗಿದ ಜೋಡಣೆಯಲ್ಲಿ ತೊಲೆ ಮತ್ತು ಕಂಬದ ನಡುವೆ ಸಂದು ತೆರೆದು, ನಡುಕ ನಿಂತ ಮೇಲೆ ಕೇಬಲ್ಲಿನ ಬಿಗಿತವೇ ಅದನ್ನು ಮುಚ್ಚಿ ಚೌಕಟ್ಟನ್ನು ನೆಟ್ಟಗೆ ತರುತ್ತದೆ. ಶಕ್ತಿಯನ್ನು ಹೀರಿ ಹಾಳಾಗುವುದು ಬದಲಿಸಬಹುದಾದ ಎಲ್-ಆಕಾರದ ಕೋನಪಟ್ಟಿಗಳು. ನನ್ನ ತಕರಾರು ಒಂದೇ: ಸಂದು ತೆರೆದಾಗ ಕಂಬಗಳು ಪರಸ್ಪರ ದೂರ ಸರಿಯುತ್ತವೆ, ಅವುಗಳಿಗೆ ಅಂಟಿಕೊಂಡ ಅಂತಸ್ತಿನ ಕಾಂಕ್ರೀಟ್ ನೆಲಹಾಸು ಅದಕ್ಕೆ ಅವಕಾಶ ಕೊಡುವುದಿಲ್ಲ. ಹಾಸಿಲ್ಲದ ಬರಿಯ ಚೌಕಟ್ಟಿನ ಪರೀಕ್ಷೆಯನ್ನಷ್ಟೇ ನೋಡಿ ಹೊಗಳಬಾರದು.

ಉತ್ತರ 3
ಆ ತೊಡಕಿಗೆ ನ್ಯೂಜಿಲೆಂಡಿನಲ್ಲಿ ಚಾರ್ಲ್ಸ್ ಕ್ಲಿಫ್ಟನ್ ಅವರು ರೂಪಿಸಿದ ಜಾರುವ ಕೀಲು ಒಂದು ಉತ್ತರ. ಅದರಲ್ಲಿ ತೊಲೆ ಮೇಲಿನ ಫ್ಲೇಂಜಿನ ಸುತ್ತ ತಿರುಗುತ್ತದೆ, ಕೆಳಗಿನ ಬೋಲ್ಟ್ ಹಾಕಿದ ತಟ್ಟೆಗಳು ಉಜ್ಜುತ್ತಾ ಜಾರಿ ಶಕ್ತಿಯನ್ನು ಹೀರುತ್ತವೆ, ಹೀಗಾಗಿ ಕಾಂಕ್ರೀಟ್ ನೆಲಹಾಸಿಗೆ ಆಗುವ ಹಾನಿ ಬಹಳ ಕಡಿಮೆ. ವೆಲ್ಲಿಂಗ್ಟನ್ನಿನ ಟೆ ಪುನಿ ವಿದ್ಯಾರ್ಥಿನಿಲಯದಲ್ಲಿ ಇದನ್ನು ಬಳಸಿದ್ದಾರೆ. ಆದರೆ ಜಾರಿದ ಮೇಲೆ ಬೋಲ್ಟುಗಳ ಬಿಗಿತ ಇಳಿದು ಜೋಡಣೆ ಸಡಿಲವಾಗುತ್ತದೆ; ದೊಡ್ಡ ಕಂಪನದ ಬಳಿಕ ಅವನ್ನು ಪರಿಶೀಲಿಸಿ, ಅಗತ್ಯವಿದ್ದರೆ ಬದಲಿಸಲೇಬೇಕು. ನಿಮ್ಮ ಪ್ರಬಂಧದ ಮಾದರಿಯಲ್ಲಿ ಹಾಸನ್ನೂ ಈ ಬಿಗಿತದ ಇಳಿಕೆಯನ್ನೂ ಸೇರಿಸಿಕೊಂಡೇ ಲೆಕ್ಕ ಹಾಕಿ.