ಫ್ರೆಡ್ ಅಸ್ಟೇರ್, ಜಿಂಜರ್ ರಾಜರ್ಸ್ ಡ್ಯಾನ್ಸ್: ಕಟ್ ಇಲ್ದೆ ತೆಗೀತಿದ್ರು ಅನ್ನೋದು ನಿಜಾನಾ? ಎಲ್ಲಿಂದ ಶುರು ಮಾಡ್ಲಿ?

ಅರ್ಧರಾತ್ರಿ_ರೀಲು:
ಯೂಟ್ಯೂಬಲ್ಲಿ ಇನ್ನೇನೋ ಹುಡುಕ್ತಿದ್ದೆ, ಈ ಹಳೇ ಹಾಲಿವುಡ್ ಜೋಡಿದೊಂದು ಕ್ಲಿಪ್ ಸಿಕ್ತು. ಹೊರಗಡೆ ಮಳೆ, ಪಾರ್ಕಲ್ಲಿ ಒಂದು ಮಂಟಪ, ಆಕೆ ಕುದುರೆ ಸವಾರಿ ಪ್ಯಾಂಟಲ್ಲಿದಾಳೆ, ಅವ್ನು ನಡೆದಂಗೆ ಹಿಂದಿಂದ ಅಣಕಿಸ್ಕೊಂಡು ನಡೀತಾಳೆ, ಹಾಗೇ ಅದೇ ಡ್ಯಾನ್ಸ್ ಆಗ್ಬಿಡುತ್ತೆ, ಕೊನೆಗೆ ಇಬ್ರೂ ಕೂತ್ಕೊಂಡು ಕೈ ಕುಲುಕ್ತಾರೆ ಅಷ್ಟೇ. ಯಾವ ಸಿನಿಮಾ ಇದು? ಇವ್ರು ಡ್ಯಾನ್ಸನ್ನ ಕಟ್ ಮಾಡ್ದೇನೇ ತೆಗೀತಿದ್ರು ಅಂತ ಕಾಮೆಂಟಲ್ಲಿ ಯಾರೋ ಬರ್ದಿದ್ರು, ನಿಜಾನಾ? ಕಥೆ ಬೋರ್ ಆದ್ರೆ ಅರ್ಧಕ್ಕೇ ಎದ್ದೋಗೋ ಗಿರಾಕಿ ನಾನು, ಅದನ್ನ ನೋಡ್ಕೊಂಡು ಸಜೆಸ್ಟ್ ಮಾಡಿ.

ಹಳೇ_ಟಾಕೀಸು:
ಅದು 'ಟಾಪ್ ಹ್ಯಾಟ್', 1935. ಒಂದೂ ಕಟ್ ಇರ್ತಿರ್ಲಿಲ್ಲ ಅನ್ನೋದು ಸ್ವಲ್ಪ ಜಾಸ್ತಿ ಆಯ್ತು, ಆದ್ರೆ ತುಂಬಾ ಕಮ್ಮಿ ಇರ್ತಿತ್ತು. ತಲೆಯಿಂದ ಪಾದದ ತನಕ ಇಬ್ರೂ ಪೂರ್ತಿ ಫ್ರೇಮಲ್ಲಿ ಇರ್ಬೇಕು, ಮಧ್ಯೆ ಬರೀ ಮುಖ, ಬರೀ ಕಾಲು, ಚಪ್ಪಾಳೆ ಹೊಡೆಯೋ ಜನ ಇದ್ಯಾವ್ದನ್ನೂ ತುರುಕಬಾರ್ದು ಅನ್ನೋದು ಫ್ರೆಡ್ ಹಠ. ಒಟ್ಟು 10 ಸಿನಿಮಾ, 1933ರಿಂದ 39ರ ಒಳಗೆ ಒಂಬತ್ತು ಆರ್‌ಕೆಓ ಕಂಪನೀಲಿ, ಹತ್ತನೇದು 1949ರಲ್ಲಿ ಎಂಜಿಎಂಗೆ, ಅದೊಂದೇ ಕಲರ್. ಆ ಹತ್ತನೇದಕ್ಕೆ ಮೊದ್ಲು ನಟಿ ಜೂಡಿ ಗಾರ್ಲಂಡನ್ನ ಹಾಕ್ಕೊಂಡಿದ್ರು, ಅವ್ರು ಬಿಟ್ಮೇಲೆ ಜಿಂಜರ್ ಬಂದಿದ್ದು.

ಕಥೆ ಬಗ್ಗೆ ಆಸೆ ಇಟ್ಕೋಬೇಡಿ. 'ಟಾಪ್ ಹ್ಯಾಟ್'ನಲ್ಲಿ ಇವ್ನು ತನ್ನ ಗೆಳತಿ ಗಂಡ ಅಂತ ಆಕೆ ತಪ್ಪು ತಿಳ್ಕೊಂಡಿರ್ತಾಳೆ, ಹೆಸ್ರು ಕೇಳಿದ್ರೆ ಮುಗಿದೋಗೋ ಗೊಂದಲಾನ ಒಂದೂವರೆ ಗಂಟೆ ಎಳೀತಾರೆ!

ಟ್ಯಾಪ್_ತಕಧಿಮಿ:
ಕಟ್ ಕಮ್ಮಿ ಸರಿ, ಆದ್ರೆ ನಿಮಗೆ ಕೇಳ್ಸೋ ಟ್ಯಾಪ್ ಶಬ್ದ, ಅಂದ್ರೆ ಶೂ ನೆಲಕ್ಕೆ ಬಡಿಯೋ ತಾಳ, ಶೂಟಿಂಗ್ ಟೈಮಿಂದಲ್ಲ, ಆಮೇಲೆ ಡಬ್ ಮಾಡಿದ್ದು. ಜಿಂಜರ್ ಕಾಲಿನ ಸದ್ದನ್ನ ಎಷ್ಟೋ ಸಲ ಹರ್ಮಿಸ್ ಪ್ಯಾನ್ ಹಾಕ್ಕೊಡ್ತಿದ್ದ. ಆತ ಫ್ರೆಡ್‌ನ ಡ್ಯಾನ್ಸ್ ಜೊತೆಗಾರ, ಜಿಂಜರ್ ಬೇರೆ ಸಿನಿಮಾದಲ್ಲಿ ಬಿಜಿ ಇದ್ದಾಗ ಅವ್ಳ ಜಾಗದಲ್ಲಿ ನಿಂತು ಸ್ಟೆಪ್ ಕೂರಿಸಿ ಆಮೇಲೆ ಅವ್ಳಿಗೆ ಕಲಿಸ್ತಿದ್ದ.

ನನ್ನ ಕೇಳಿದ್ರೆ ಫ್ರೆಡ್ಡೇ ಎಲ್ಲಾ. ಜಿಂಜರ್‌ಗಿಂತ ಚೆನ್ನಾಗಿ ಟ್ಯಾಪ್ ಮಾಡೋರು ಆಮೇಲೆ ಬಂದ್ರು, ಎಲಿನರ್ ಪವೆಲ್ ಜೊತೆ 1940ರಲ್ಲಿ ಮಾಡಿದ್ದು ನೋಡಿ.

ಬೊಂಬಾಯಿ_ಕನ್ನಡತಿ:
ಶುರು ಆಯ್ತಾ! ಪವೆಲ್ ಕಾಲು ಮಿಷಿನ್ನು, ಒಪ್ತೀನಿ. ಆದ್ರೆ ಅದು ಇಬ್ರು ಒಳ್ಳೆ ಡ್ಯಾನ್ಸರ್ ಅಕ್ಕಪಕ್ಕ ನಿಂತು ಪೈಪೋಟಿಗೆ ಬಿದ್ದಂಗೆ, ಅವ್ರ ಮಧ್ಯೆ ಏನೂ ನಡೀತಾ ಇಲ್ಲ. ಫ್ರೆಡ್ ಮಾಡಿದ್ದನ್ನೆಲ್ಲ ಜಿಂಜರ್ ಹೈ ಹೀಲ್ಸಲ್ಲಿ ಹಿಂದೆ ಹಿಂದೆ ಮಾಡಿದ್ಲು ಅಂತ ಒಂದು ಡೈಲಾಗ್ ಎಲ್ಲಾ ಕಡೆ ಓಡಾಡುತ್ತಲ್ಲ, ಅವ್ಳು ಹೇಳಿದ್ದಲ್ಲ ಅದು, 1982ರ ಒಂದು ಪೇಪರ್ ಕಾರ್ಟೂನಿಂದು. ಹೀಲ್ಸ್ ವಿಷ್ಯ ಬಿಡಿ, ಕುಣಿಯೋವಾಗ ಜಿಂಜರ್ ಆಕ್ಟಿಂಗ್ ನಿಲ್ಲಿಸ್ತಿರ್ಲಿಲ್ಲ, ಅದು ದೊಡ್ಡದು. 'ಸ್ವಿಂಗ್ ಟೈಮ್' (1936) ನೋಡಿ. ಅವ್ಳು ಡ್ಯಾನ್ಸ್ ಟೀಚರ್, ಇವ್ನು ಏನೂ ಬರಲ್ಲ ಅಂತ ನಾಟಕ ಮಾಡಿ ಬೀಳ್ತಾನೆ, ಅವ್ಳ ಕೆಲ್ಸಾನೇ ಹೋಗುತ್ತೆ, ಆಗ ಇವ್ನು ಓನರ್ ಎದುರು ನೋಡಿ ಈಕೆ ನನಗೆ ಎಷ್ಟು ಕಲಿಸಿದಾಳೆ ಅಂತ ಶುರು ಮಾಡ್ತಾನೆ. ಜಿಂಜರ್ ಮುಖ ನೋಡ್ತಾ ಇರಿ, ಮೊದ್ಲು ಇದೇನಪ್ಪಾ ಅಂತ, ಆಮೇಲೆ ಓಹೋ ಹಿಂಗಾ ಸಮಾಚಾರ ಅಂತ, ಕಟಾಂಜನ ಹಾರೋ ಹೊತ್ತಿಗೆ ಪೂರ್ತಿ ಖುಷಿ, ಕಾಲು ಒಂದು ಬೀಟೂ ತಪ್ಪಿರಲ್ಲ. ಅದೇ ಸಿನಿಮಾ ಕೊನೇಲಿ ಮೆಟ್ಲು ಹತ್ತಿ ಗಿರ್ರಂತ ತಿರುಗೋ ಡ್ಯಾನ್ಸ್‌ಗೆ 47 ಟೇಕ್ ಆಯ್ತು, ಅವ್ಳ ಶೂ ಒಳಗೆ ರಕ್ತ ಬಂದಿತ್ತು ಅಂತಾರೆ. ಒಂದೇ ಬೇಜಾರು, ಫ್ರೆಡ್ ಕಪ್ಪು ಜನರ ವೇಷ ಅಂತ ಮುಖಕ್ಕೆ ಕಪ್ಪು ಬಳ್ಕೊಂಡು ಮಾಡಿದ ಒಂದು ಹಾಡಿದೆ ಅದ್ರಲ್ಲಿ, ಈಗ ನೋಡಕ್ಕೆ ಕಸಿವಿಸಿ ಆಗುತ್ತೆ.

ಹಳೇ_ಟಾಕೀಸು:
'ಟಾಪ್ ಹ್ಯಾಟ್'ನ ಗರಿ ಡ್ರೆಸ್ ಮರ್ತೆ. ಆ ಆಸ್ಟ್ರಿಚ್ ಗರಿ ಡ್ರೆಸ್ಸೇ ಬೇಕು ಅಂತ ಜಿಂಜರ್ ಹಠ, ಕುಣಿದಂಗೆ ಉದುರಿ ಫ್ರೆಡ್ ಕೋಟಿಗೆ ಮೂಗಿಗೆಲ್ಲ ಗರಿ, ಅವ್ನು ಸಿಕ್ಕಾಪಟ್ಟೆ ಗರಂ. ಆಮೇಲೆ ಅವ್ನೇ ಚಿನ್ನದ ಗರಿ ಕೊಟ್ಟು ರಾಜಿ ಆದ, 'ಫೆದರ್ಸ್' ಅಂತ ಅಡ್ಡಹೆಸ್ರೂ ಇಟ್ಟ. ಸಿನಿಮಾದಲ್ಲೂ ಒಂದೆರಡು ಗರಿ ಹಾರೋದು ಕಾಣುತ್ತೆ.

ಅರ್ಧರಾತ್ರಿ_ರೀಲು:
ಹಾಗಾದ್ರೆ ಶನಿವಾರ 'ಸ್ವಿಂಗ್ ಟೈಮ್', ಆಮೇಲೆ 'ಟಾಪ್ ಹ್ಯಾಟ್'. ಬಿಡಬಹುದು ಅನ್ನೋದು ಯಾವ್ದಾದ್ರೂ ಇದ್ಯಾ?

ಟ್ಯಾಪ್_ತಕಧಿಮಿ:
1939ರ ಕ್ಯಾಸಲ್ ದಂಪತಿ ಸಿನಿಮಾ ಕೊನೆಗಿಟ್ಕೊಳ್ಳಿ. ನಿಜವಾದ ಡ್ಯಾನ್ಸ್ ಜೋಡಿ ಕಥೆ, ಗಂಡ ವಿಮಾನ ಅಪಘಾತದಲ್ಲಿ ಸಾಯ್ತಾನೆ.

ಅರ್ಧರಾತ್ರಿ_ರೀಲು:
ಸ್ಪಾಯ್ಲರ್ ಕೊಟ್ಬಿಟ್ರಲ್ಲ ಮಾರಾಯ್ರೆ!

ಟ್ಯಾಪ್_ತಕಧಿಮಿ:
1918ರಲ್ಲಿ ಸತ್ತೋರಿಗೆ ಎಂಥ ಸ್ಪಾಯ್ಲರ್ ರೀ 😄